ವೈಫೈ ಕೇಳಿದ್ದು ಒಂದು ಕಡೆ, ರ‍್ಯಾಂಕ್ ಕೇಳಿದ್ದು ಇನ್ನೊಂದು ಕಡೆ: ಲಿನಕ್ಸ್ ಜೊತೆ ನನ್ನ ಅನುಭವ

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲ ನಾನೇ ಟೈಪ್ ಮಾಡುವುದು. ಮನೆಯಲ್ಲಿದ್ದ ಹಳೆ ಲ್ಯಾಪ್‌ಟಾಪ್‌ಗೆ ಇದ್ದದ್ದು 4 ಜಿಬಿ ರ‍್ಯಾಮ್. ಆನ್ ಮಾಡಿ ಕಾಫಿ ಕುಡಿದು ಬಂದರೂ ಸಿದ್ಧವಾಗಿರುತ್ತಿರಲಿಲ್ಲ. ಒಂದು ಬೇಸಿಗೆ ರಜೆಯಲ್ಲಿ ಅದಕ್ಕೆ ಲಿನಕ್ಸ್ ಮಿಂಟ್ ಹಾಕಿದೆ. ಲಿನಕ್ಸ್ ಎಂದರೆ ವಿಂಡೋಸ್ ತರಹ ಕಂಪ್ಯೂಟರನ್ನು ನಡೆಸುವ ತಂತ್ರಾಂಶ; ಮಿಂಟ್, ಉಬುಂಟು ಅದರ ಬೇರೆ ಬೇರೆ ರೂಪಗಳು. ಚುರುಕಾಗಿ ಓಡಿತು. ಆದರೆ ಎರಡು ತೊಂದರೆ ಉಳಿದವು. ವೈಫೈ ಇಲ್ಲ. ಮತ್ತೆ, ಕನ್ನಡದಲ್ಲಿ ಒಂದು ಪದ ಸರಿಯಾಗಿ ಮೂಡುತ್ತಿಲ್ಲ.

ವೈಫೈ ವಿಷಯವನ್ನು ಮೊದಲು ಕೇಳಿದ್ದು ಇಂಟರ್ನೆಟ್‌ನಲ್ಲಿ ಉಬುಂಟುಗೆ ಮಾತ್ರ ಮೀಸಲಾದ ಒಂದು ಜಾಗದಲ್ಲಿ. ಮಿಂಟ್ ಕಟ್ಟಿರುವುದೇ ಉಬುಂಟು ಮೇಲೆ ಅಲ್ವಾ, ಅಲ್ಲಿ ಕೇಳಿದರೆ ಆಯಿತು ಎಂದುಕೊಂಡಿದ್ದೆ. ಮಿಂಟ್ ಪ್ರಶ್ನೆ ಇಲ್ಲಿ ತೆಗೆದುಕೊಳ್ಳುವುದಿಲ್ಲ ಎಂದು ಕೂಡಲೇ ಮುಚ್ಚಿದರು. ಆಗ ಬೇಸರವಾಯಿತು. ಅವರು ಹಾಗೆ ಮಾಡಿದ್ದು ಸರಿ ಎಂದು ಗೊತ್ತಾಗಿದ್ದು ಆಮೇಲೆ. ಉದಾಹರಣೆಗೆ, 2020ರಲ್ಲಿ ಬಂದ ಮಿಂಟ್ 20ರಿಂದ ಸ್ನ್ಯಾಪ್ ಪ್ಯಾಕೇಜುಗಳನ್ನು (ಉಬುಂಟುವಿನವರು ಪ್ರೋಗ್ರಾಂಗಳನ್ನು ಹಂಚುವ ಒಂದು ಬಗೆ) ಮಿಂಟ್‌ನವರು ತಡೆದಿದ್ದಾರೆ. ಉಬುಂಟುವಿನವರು ಕೊಡುವ ಎಷ್ಟೋ ಉತ್ತರಗಳು ಸ್ನ್ಯಾಪ್‌ನಿಂದಲೇ ಶುರುವಾಗುತ್ತವೆ. ಅದನ್ನು ಮಿಂಟ್‌ನಲ್ಲಿ ಹಾಗೇ ಹೊಡೆದರೆ ನಡೆಯುವುದಿಲ್ಲ. ಆರ್ಚ್ ಎಂಬ ಇನ್ನೊಂದು ಲಿನಕ್ಸ್‌ನವರೂ ಹಾಗೆಯೇ, ಅದರ ಮೇಲೆ ಕಟ್ಟಿದ ಮಂಜಾರೊ ಬಳಸುವವರ ಪ್ರಶ್ನೆಯನ್ನು ತೆಗೆದುಕೊಳ್ಳುವುದಿಲ್ಲ. ಅವರ ವಿಕಿಯನ್ನು ಮಾತ್ರ ಯಾವ ಲಿನಕ್ಸ್ ಇದ್ದವರೂ ಓದಬಹುದು. ನಾನು ಈಗಲೂ ಓದುತ್ತೇನೆ.

ಮಿಂಟ್‌ನವರ ಹತ್ತಿರ ಹೋದಾಗ ಮೊದಲು ಕೇಳಿದ್ದು ಇನ್‌ಎಕ್ಸ್‌ಐ (inxi) ಎಂಬ ಕಮಾಂಡಿನ ಫಲಿತಾಂಶ. ಮಿಂಟ್‌ನಲ್ಲಿ ಅದು ಮೊದಲೇ ಇರುತ್ತದೆ, ಯಂತ್ರದ ಪೂರ್ತಿ ಜಾತಕ ಕೊಡುತ್ತದೆ. ನನ್ನ ವೈಫೈ ಚಿಪ್‌ನ ಡ್ರೈವರ್ (ಅದನ್ನು ನಡೆಸುವ ಪ್ರೋಗ್ರಾಂ) ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆ ಬರುವುದಿಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕು ಎಂದು ಅದನ್ನು ನೋಡಿಯೇ ಹೇಳಿದರು. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಇಂಟರ್ನೆಟ್ ಪಡೆದು ಹಾಕಿದೆ. ಆದರೂ ಬರಲಿಲ್ಲ. ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ಕಾವಲು ಆನ್ ಇತ್ತು, ಸಹಿ ಒಪ್ಪಿಗೆಯಾಗದ ಡ್ರೈವರನ್ನು ಕರ್ನಲ್ ಒಳಗೆ ಬಿಡುತ್ತಿರಲಿಲ್ಲ. ಆ ಸಹಿಯನ್ನು ಒಪ್ಪಿಸುವ ಕೀಲಿ ನೋಂದಾಯಿಸಿ ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬರುತ್ತದೆ. ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಬೇಕು. ಮೊದಲ ಸಲ ಅದನ್ನು ಬಿಟ್ಟುಬಿಟ್ಟೆ. ಎರಡನೇ ಸಲ ಕೀಬೋರ್ಡ್ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ವೈಫೈ ಬಂತು.

ಕನ್ನಡದ ತೊಂದರೆ ಹೀಗೆ ಬಗೆಹರಿಯಲಿಲ್ಲ. ಅಂಕಪಟ್ಟಿಯಲ್ಲಿ 'ರ‍್ಯಾಂಕ್' ಎಂದು ಬರೆಯಬೇಕು. ನಾನು ಟೈಪ್ ಮಾಡಿದಾಗೆಲ್ಲ 'ರ್ಯಾಂಕ್' ಎಂದು ಅರ್ಕಾವತ್ತು ಬರುತ್ತಿತ್ತು. ಮಕ್ಕಳಿಗೆ ಕೊಡುವ ಹಾಳೆಯಲ್ಲಿ ಅದು ಹಾಗೆ ಇರುವುದು ನನಗೆ ಸಹಿಸಲಾಗದ ವಿಷಯ. ಮತ್ತೆ ಮಿಂಟ್‌ನವರನ್ನೇ ಕೇಳಿದೆ. ಕನ್ನಡ ಫಾಂಟ್ ಹಾಕಿ, ಭಾಷಾ ಪ್ಯಾಕ್ ಹಾಕಿ ಎಂದರು. ಮೂರು ಸಲ ಹಾಕಿ ತೆಗೆದೆ. ಏನೂ ಬದಲಾಗಲಿಲ್ಲ. ಅವರಿಗೆ ನನ್ನ ಸ್ಕ್ರೀನ್‌ಶಾಟ್‌ನಲ್ಲಿ ತಪ್ಪೇ ಕಾಣುತ್ತಿರಲಿಲ್ಲ. ಕನ್ನಡ ಬಾರದವರಿಗೆ ಎರಡೂ ಒಂದೇ ತರಹದ ಸುರುಳಿಗಳು ತಾನೆ.

ಆಮೇಲೆ ಎಲ್ಲ ಲಿನಕ್ಸ್ ಬಳಕೆದಾರರೂ ಬರುವ ಒಂದು ಸಾಮಾನ್ಯ ಜಾಗದಲ್ಲಿ ಕೇಳಿದೆ. ಈ ಸಲ ಸರಿ ಮತ್ತು ತಪ್ಪು ರೂಪಗಳನ್ನು ಪಕ್ಕಪಕ್ಕ ಇಟ್ಟು ಚಿತ್ರ ಹಾಕಿದೆ, ಸರಿಯಾದದ್ದನ್ನು ಪೆನ್ನಿನಲ್ಲಿ ಬರೆದು ಫೋಟೋ ತೆಗೆದು. ಉತ್ತರ ಕೊಟ್ಟವರಿಗೂ ಕನ್ನಡ ಬರುತ್ತಿರಲಿಲ್ಲ. ಆದರೆ ದಾರಿ ತೋರಿಸಿದರು: ಅದೇ ಪದವನ್ನು ಮೂರು ಪ್ರೋಗ್ರಾಂಗಳಲ್ಲಿ, ಮೂರು ಫಾಂಟ್‌ಗಳಲ್ಲಿ ನೋಡಿ.

ಲಿಬ್ರೆ ಆಫೀಸ್, ಫೈರ್‌ಫಾಕ್ಸ್, ಮಾಮೂಲಿ ಟೆಕ್ಸ್ಟ್ ಎಡಿಟರ್, ಮೂರರಲ್ಲೂ ಅರ್ಕಾವತ್ತೇ. ನೋಟೊ, ಲೋಹಿತ್, ನವಿಲು, ಮೂರು ಫಾಂಟ್‌ನಲ್ಲೂ ಅದೇ. ಅಂದರೆ ತೊಂದರೆ ಪ್ರೋಗ್ರಾಂನದ್ದಲ್ಲ, ಫಾಂಟ್‌ನದ್ದೂ ಅಲ್ಲ. ನಾನು ಒಳಗೆ ಕಳಿಸುತ್ತಿದ್ದ ಅಕ್ಷರಗಳಲ್ಲೇ ಏನೋ ಇಲ್ಲ. ಇಷ್ಟು ಗೊತ್ತಾಗಿದ್ದು ನನಗೆ ದೊಡ್ಡ ನೆಮ್ಮದಿ.

ಇದನ್ನು ಹಿಡಿದುಕೊಂಡು ಭಾರತೀಯ ಭಾಷೆಗಳ ತಂತ್ರಾಂಶದಲ್ಲಿ ಕೆಲಸ ಮಾಡುವವರ ಹತ್ತಿರ ಹೋದೆ. ನಾಲ್ಕೇ ಸಾಲಿನ ಉತ್ತರ ಬಂತು. ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪದ್ಧತಿ) ರ, ವಿರಾಮ (ಅಕ್ಷರದ ಸ್ವರ ತೆಗೆಯುವ ಗುರುತು), ಯ ಸಾಲಾಗಿ ಬಂದರೆ ಅರ್ಕಾವತ್ತು ಬರುವುದೇ ನಿಯಮ. ಸೂರ್ಯ, ಕಾರ್ಯ ಮೂಡುವುದು ಹಾಗೆ. ರ ಪೂರ್ತಿಯಾಗಿ ನಿಂತು ಯ ಒತ್ತಾಗಬೇಕಾದರೆ ರ ಮತ್ತು ವಿರಾಮದ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರಬೇಕು. ಅದರ ಹೆಸರು ಜೀರೋ ವಿಡ್ತ್ ಜಾಯ್ನರ್, ಯೂನಿಕೋಡ್ ಸಂಖ್ಯೆ 200ಡಿ (200D). ರ ಬರೆದ ಮೇಲೆ ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ, 200ಡಿ ಎಂದು ಹೊಡೆದು ಎಂಟರ್ ಒತ್ತಿದೆ. ನಂತರ ವಿರಾಮ, ಯ. 'ರ‍್ಯಾ' ಮೂಡಿತು! ಪ್ರತಿ ಸಲ ಇಷ್ಟು ಮಾಡುವುದು ಬೇಡವೆಂದು ಲಿಬ್ರೆ ಆಫೀಸಿನ ಆಟೋಕರೆಕ್ಟ್ ಪಟ್ಟಿಗೆ ಆ ಪದ ಸೇರಿಸಿಕೊಂಡೆ.

ಈಗ ಏನಾದರೂ ಕೆಟ್ಟರೆ ನಾನು ನೋಡುವುದು ಇಷ್ಟೇ: ತೊಂದರೆಗೆ ಹೆಸರು ಗೊತ್ತಿದೆಯಾ? ಗೊತ್ತಿಲ್ಲದಿದ್ದರೆ ಸಾಮಾನ್ಯ ಜಾಗಕ್ಕೇ ಹೋಗುತ್ತೇನೆ. ಹುಡುಕುವ ದಾರಿ ಅಲ್ಲಿ ಸಿಗುತ್ತದೆ. ಹೆಸರು ಸಿಕ್ಕ ಮೇಲೆ ಅದೊಂದನ್ನೇ ಬಲ್ಲವರ ಹತ್ತಿರ. ಒಂದೇ ಪ್ರಶ್ನೆಯನ್ನು ಒಟ್ಟೊಟ್ಟಿಗೆ ಎರಡು ಕಡೆ ಹಾಕುವುದಿಲ್ಲ, ಸುಮ್ನೆ ಇಬ್ಬರ ಸಮಯ ಹಾಳು. ನನ್ನ ಡೆಸ್ಕ್‌ಟಾಪ್ ಕನ್ನಡದಲ್ಲಿದೆ, ಎರರ್ ಸಂದೇಶಗಳಲ್ಲೂ ಕೆಲವು ಕನ್ನಡದಲ್ಲೇ ಬರುತ್ತವೆ. ಹಾಗಾಗಿ ಕೇಳುವ ಮೊದಲು ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಸಂದೇಶಗಳ ಭಾಷೆಯನ್ನು ಬದಲಿಸುವ ಎಲ್‌ಸಿ ಆಲ್ (LC_ALL) ಎಂಬುದನ್ನು ಸಿ (C) ಎಂದು ಇಟ್ಟು ಅದೇ ಕಮಾಂಡ್ ಮತ್ತೆ ಓಡಿಸುತ್ತೇನೆ. ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ, ಅದನ್ನು ಹುಡುಕಿದರೆ ಅರ್ಧ ಸಲ ಕೇಳುವ ಅಗತ್ಯವೇ ಬೀಳುವುದಿಲ್ಲ.

ರ‍್ಯಾಂಕ್ ಉತ್ತರವನ್ನು ಆ ಸಾಮಾನ್ಯ ಜಾಗಕ್ಕೂ, ಮಿಂಟ್‌ನವರಿಗೂ ವಾಪಸ್ ಹೋಗಿ ಬರೆದು ಬಂದೆ. ಕೆಲವು ತಿಂಗಳ ಮೇಲೆ ಇನ್ನೊಂದು ಊರಿನ ಮೇಷ್ಟ್ರೊಬ್ಬರು ಅದರ ಕೆಳಗೆ ಕೇಳಿದ್ದರು: "ಸರ್, 'ರ‍್ಯಾಲಿ'ಗೂ ಹೀಗೇ ಮಾಡಬೇಕಾ?" ಹೌದು ಸರ್, ಹೀಗೇ ಎಂದು ಬರೆದೆ.