ಹುಣಸೆಹಣ್ಣು ಹಾಕಿ ತೊಳೆದ ಬ್ಯಾಡ್ಜ್

ಮಾಸ್ಕೋದಲ್ಲಿ ಓದುತ್ತಿದ್ದಾಗ ಭಾನುವಾರ ಬಂದರೆ ಇಜ್ಮಾಯ್ಲೋವೋ ಸಂತೆಗೆ ಹೋಗುವ ಚಟ ಹತ್ತಿತ್ತು. ಮೊದಲು ಕೊಂಡದ್ದು 'ಸಮಾಜವಾದಿ ಸ್ಪರ್ಧೆಯ ವಿಜೇತ, 1975' ಎಂದು ರಷ್ಯನ್‌ನಲ್ಲಿ ಬರೆದಿದ್ದ ಸೋವಿಯತ್ ಕಾಲದ ಬ್ಯಾಡ್ಜ್, ದುಡಿಮೆಯ ಪೈಪೋಟಿಯಲ್ಲಿ ಗೆದ್ದವರಿಗೆ ಕೊಡುತ್ತಿದ್ದದ್ದು. ಒಂದು ಚಹಾದ ದುಡ್ಡು ಅಷ್ಟೆ. 1973ರಿಂದ 1980ರವರೆಗೆ ಪ್ರತಿ ವರ್ಷ ಇದನ್ನು ಕಾರ್ಖಾನೆಗಳಲ್ಲಿ ರಾಶಿರಾಶಿ ಹಂಚಿದ್ದರು, ಅದಕ್ಕೇ ಅಗ್ಗ. ಹೊಸಬರು ಈ ಎಂಟು ವರ್ಷದ್ದನ್ನು ಮೊದಲು ಕೂಡಿಸಿ, ಕೈ ಪಳಗುತ್ತದೆ. ಆರ್ಡರ್ ಆಫ್ ಲೆನಿನ್‌ನಂಥ ಸರ್ಕಾರಿ ಪದಕಗಳನ್ನು ಮಾರೋದು, ಕೊಳ್ಳೋದು ಅಲ್ಲಿ ಅಪರಾಧ, ಅವುಗಳ ತಂಟೆಗೆ ನಾನು ಹೋಗಲೇ ಇಲ್ಲ.

ನಿಜವಾದ ಹುಚ್ಚು ಹಿಡಿದದ್ದು ಹಳೆಯ 'ಒತ್ಲೀಚ್ನಿಕ್', ಅಂದರೆ 'ಅತ್ಯುತ್ತಮ ಕೆಲಸಗಾರ', ಬ್ಯಾಡ್ಜ್‌ಗಳಿಂದ. ಚೆನ್ನಾಗಿ ದುಡಿದವರಿಗೆ ಒಂದೊಂದು ಇಲಾಖೆಯೂ ತನ್ನದೇ ಬ್ಯಾಡ್ಜ್ ಕೊಡುತ್ತಿತ್ತು. ಇಲಾಖೆಯ ಹೆಸರಲ್ಲಿ 'ನಾರ್ಕೊಮಾತ್' (ಸಚಿವಾಲಯಕ್ಕೆ ಆಗಿದ್ದ ಹಳೆಯ ಸೋವಿಯತ್ ಹೆಸರು) ಎಂದಿದ್ದರೆ ಕಾಲ ಗೊತ್ತಾದಂತೆಯೇ, ಯಾಕಂದರೆ 1946ರಲ್ಲಿ ನಾರ್ಕೊಮಾತ್‌ಗಳೆಲ್ಲ ಮಿನಿಸ್ಟ್ರಿಗಳಾದವು. ಇವುಗಳ ಬಣ್ಣ ಪೇಂಟ್ ಅಲ್ಲ, ಎನಾಮೆಲ್, ಅಂದರೆ ಗಾಜು. ಲೋಹದಲ್ಲಿ ಮಾಡಿದ ಗುಳಿಗಳಿಗೆ ಗಾಜಿನ ಪುಡಿ ತುಂಬಿ, ಸುಮಾರು 800 ಡಿಗ್ರಿ ಶಾಖದಲ್ಲಿ ಕರಗಿಸಿ, ಆಮೇಲೆ ಉಜ್ಜಿ ನಯ ಮಾಡುತ್ತಿದ್ದರು. ಬೆಳಕಿಗೆ ಹಿಡಿದು ಓರೆ ಮಾಡಿದರೆ ಆ ಕೆಂಪಿಗೆ ಒಂದು ಆಳ ಕಾಣುತ್ತೆ, ಕುಂಕುಮ ನೀರಲ್ಲಿ ನಿಂತ ಹಾಗೆ.

ಆ ಕೆಂಪಿಗೇ ಮರುಳಾಗಿ ಮೋಸ ಹೋದೆ. ಆನ್‌ಲೈನ್‌ನಲ್ಲಿ ಒಬ್ಬರಿಂದ ಒಂದು ತಿಂಗಳ ಮೆಸ್ ಖರ್ಚಿನಷ್ಟು ಕೊಟ್ಟು ತರಿಸಿದ್ದು, ಮುಂಭಾಗ ಥಳಥಳ. ಸಂತೆಯ ಅಜ್ಜ ಒಬ್ಬರು ಮುಂಭಾಗ ನೋಡಲೇ ಇಲ್ಲ, ತಿರುಗಿಸಿ ಭೂತಗನ್ನಡಿ ಇಟ್ಟರು. ಅಕ್ಷರದ ಅಂಚು ಕರಗಿದಂತಿತ್ತು, ಅಲ್ಲಲ್ಲಿ ಸಣ್ಣ ಗುಳ್ಳೆಗಳು. ಅಂದರೆ ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದದ್ದು. ಅಸಲಿಯನ್ನು ಒತ್ತಿ ಮುದ್ರಿಸಿರುತ್ತಾರೆ, ಗೆರೆ ಚೂಪಾಗಿರುತ್ತೆ. ಆಮೇಲೆ ಸೂಜಿ ಕೊಟ್ಟು ಕೆಂಪಿನ ಮೇಲೆ ಮೆಲ್ಲಗೆ ಎಳಿ ಅಂದರು. ಎಳೆದೆ, ಗೆರೆ ಬಿತ್ತು. ಗಾಜಾಗಿದ್ದರೆ ಬೀಳುತ್ತಿತ್ತಾ?

ಇನ್ನೆರಡು ತಪ್ಪು ಪೂರ್ತಿ ನನ್ನವೇ. ಮನೆಯಲ್ಲಿ ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳೆದವನು, ಹಾಗೆಯೇ ಒಂದು ಬ್ಯಾಡ್ಜನ್ನೂ ತಿಕ್ಕಿದೆ, ಅದರ ಚಿನ್ನದ ಲೇಪ ಅರ್ಧ ನೀರಿಗೆ ಹೋಯಿತು. ಇನ್ನೊಂದರ ಹಿಂದಿನ ನಟ್ಟನ್ನು ಇಕ್ಕಳದಲ್ಲಿ ಬಿಗಿ ಮಾಡಿದೆ. ತಗಡು ಕೂದಲೆಳೆಯಷ್ಟು ಬಾಗಿತು ಅಷ್ಟೆ, ಟಕ್ ಅಂತ ಎನಾಮೆಲ್ ಬಿರುಕು ಬಿಟ್ಟಿತು. ಈಗ ಒಣ ಹತ್ತಿಬಟ್ಟೆಯಲ್ಲಿ ಒರೆಸುತ್ತೇನೆ, ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಇಡುತ್ತೇನೆ.

ಸಾಧ್ಯವಾದರೆ ಬ್ಯಾಡ್ಜ್ ಯಾರಿಗೆ ಕೊಟ್ಟದ್ದು ಎಂದು ಬರೆದು ಜೊತೆಗೆ ಕೊಡುತ್ತಿದ್ದ ಪುಟ್ಟ ಪುಸ್ತಕವನ್ನೂ ಕೇಳಿ ತಗೊಳ್ಳಿ. ನನ್ನ ಹತ್ತಿರ ಒಂದಿದೆ, ಬಟ್ಟೆ ಗಿರಣಿಯ ಹೆಂಗಸಿಗೆ ಕೊಟ್ಟದ್ದು, ಹೆಸರು ನೇರಳೆ ಮಸಿಯಲ್ಲಿದೆ. ಆಕೆಯ ಬ್ಯಾಡ್ಜ್‌ಗೆ ನಟ್ಟಿಲ್ಲ. ಸಂತೆಯಲ್ಲಿ ಬೇರೆ ನಟ್ಟು ಹಾಕಿಕೊಡ್ತೀನಿ ಅಂತಾರೆ, ನಾನು ಬೇಡ ಅಂದಿದ್ದೇನೆ. ಅದೇ ಕಾಲದ್ದು ಸಿಗೋವರೆಗೆ ಅದು ಹತ್ತಿಯ ಮೇಲೆ ಹಾಗೇ ಮಲಗಿರುತ್ತೆ.