ದಂಗ್‌ದುತ್ ತಾಳ ಹಿಡಿಯುವ ಬಗೆ

ಇಂಡೋನೇಷ್ಯಾದ ಜನಪ್ರಿಯ ಕುಣಿತದ ಸಂಗೀತ ದಂಗ್‌ದುತ್‌ಗೆ 1970ರ ದಶಕದಲ್ಲಿ ಗಾಯಕ ರೋಮಾ ಇರಾಮಾ ರಾಕ್ ಗಿಟಾರ್ ಸೇರಿಸಿದರು. ಮಲಯ ವಾದ್ಯಗೋಷ್ಠಿ, ಹಿಂದಿ ಸಿನಿಮಾ ಹಾಡುಗಳ ಛಾಯೆ ಅದರಲ್ಲಿ ಮೊದಲೇ ಇತ್ತು.

ನಾಲ್ಕರ ಎಣಿಕೆ ಹಾಕಿ. ನಾಲ್ಕಕ್ಕೆ ಡ್ರಮ್ಮಿನ ‘ದಂಗ್’ ಪೆಟ್ಟು, ಮುಂದಿನ ಸುತ್ತಿನ ಒಂದಕ್ಕೆ ‘ದುತ್’. ಹೊಸಬರು ಎಡವುವುದು ಇಲ್ಲೇ: ‘ದಂಗ್’ ಅನ್ನು ಒಂದರ ಮೇಲೆ ಕೂರಿಸಿದರೆ ಕುಣಿತವೇ ಸತ್ತುಹೋಗುತ್ತದೆ.

ತಬಲಾ ಬಲ್ಲವರಿಗೆ ಇದನ್ನು ನುಡಿಸುವ ಜೋಡಿ ಡ್ರಮ್ ಗೆಂಡಾಂಗ್ ಅರ್ಧ ಪರಿಚಿತ. ‘ದುತ್’ಗೆ ದೊಡ್ಡ ಡ್ರಮ್ಮನ್ನು ಬೆರಳಿಂದ ಬಾರಿಸಿ, ತಕ್ಷಣ ಅಂಗೈ ಬುಡವನ್ನು ಒತ್ತುತ್ತಾ ಜಾರಿಸಿ, ಸ್ವರ ಮೇಲೇರಬೇಕು. ಬಾರಿಸುವ ಮೊದಲೇ ಬಿಗಿಯಾಗಿ ಒತ್ತಿದರೆ ಗುಂಗೇ ಇರದ ಮೊಂಡು ಪೆಟ್ಟು ಬರುತ್ತದೆ. ನಿಧಾನವಾಗಿಯೇ ಅಭ್ಯಾಸ ಮಾಡಿ.

ಇದು ಕೈಗೆ ಕೂತ ಮೇಲಷ್ಟೇ ಪೂರ್ವ ಜಾವಾದ ಕೊಪ್ಲೊ ಎಂಬ ದಂಗ್‌ದುತ್ ಶೈಲಿ. ಅದರ ವೇಗ ಜಾಸ್ತಿ, ಪೆಟ್ಟುಗಳು ಒತ್ತೊತ್ತು. ಅವಸರಪಟ್ಟರೆ ‘ದುತ್’ ಮಾಯ.