ಪಾಚಿ ತಡೆಯುವ ಬಿಸಿಲು ಲೇಪ: ಮಾಳಿಗೆ ಮೇಲೆ ಪರೀಕ್ಷಿಸುವುದು ಹೇಗೆ?

ದನ ಕುಡಿಯುವ ಬಾನಿ, ಮನೆಯ ಮೀನಿನ ತೊಟ್ಟಿ, ಕೆರೆಗೆ ಇಳಿಬಿಟ್ಟ ಸೆನ್ಸರ್. ಬಿಸಿಲು ಬೀಳುವ ನೀರಿನಲ್ಲಿದ್ದರೆ ಎಲ್ಲಕ್ಕೂ ಪಾಚಿ ಕಟ್ಟುವುದೇ. ಅದೇ ಬಿಸಿಲನ್ನು ಬಳಸಿ ಪಾಚಿ ತಡೆಯುವ ಲೇಪವೂ ಇದೆ. ಅದರ ಜೀವಾಳ ಟೈಟೇನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ.

ಬೆಳಕು ಬಿದ್ದಾಗ ಈ ವಸ್ತು ನೀರನ್ನೇ ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯಬಲ್ಲದು ಎಂದು ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ಪ್ರಕಟಿಸಿದರು. ಇದರ ಮೇಲೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ (ಅತಿನೇರಳೆ) ಕಿರಣ ಬಿದ್ದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಎದುರಿಗೆ ಸಿಕ್ಕಿದ್ದನ್ನು ಒಡೆಯುವ ಈ ಚುರುಕು ಕಣಗಳು ಗಾಜಿಗೆ ಮೊದಲು ಅಂಟುವ ಬ್ಯಾಕ್ಟೀರಿಯಾದ ಲೋಳೆಯನ್ನು ಕೊರೆದು ಹಾಕುತ್ತವೆ. ಲೋಳೆ ಇಲ್ಲದಿದ್ದರೆ ಪಾಚಿಗೆ ನೆಲೆ ಸಿಗುವುದು ಕಷ್ಟ.

ಮೊದಲು ಪುಡಿ. ಬಣ್ಣದ ಅಂಗಡಿಯ ಬಿಳಿ ಪುಡಿ ಬೇಡ. ಅದು ಸಾಮಾನ್ಯವಾಗಿ ರೂಟೈಲ್ ಎಂಬ ಹರಳು ರೂಪದ್ದು, ಬಣ್ಣ ಹಾಳಾಗಬಾರದು ಅಂತ ಕಣಗಳಿಗೆ ಹೊದಿಕೆಯನ್ನೂ ಹಾಕಿರುತ್ತಾರೆ, ಹಾಗಾಗಿ ಈ ಕೆಲಸಕ್ಕೆ ಬರುವುದಿಲ್ಲ. ಲ್ಯಾಬ್ ಸಾಮಾನು ಮಾರುವವರ ಹತ್ತಿರ ಅನಟೇಸ್ ಎಂಬ ಇನ್ನೊಂದು ಹರಳು ರೂಪದ ನ್ಯಾನೊ (ಅತಿ ಸಣ್ಣ ಕಣಗಳ) ಪುಡಿ ಕೇಳಿ. ಮಾಸ್ಕ್ ಹಾಕಿಕೊಂಡೇ ತೂಗಿ, ಪುಡಿ ಮೂಗಿಗೆ ಹೋಗಬಾರದು.

6 ಗ್ರಾಂ ಪುಡಿಗೆ ಸುಮಾರು 9 ಮಿಲಿ ಬಿಳಿ ವಿನೆಗರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲ್ಬತ್ತಿನಲ್ಲಿ ಅರೆಯಿರಿ. ಗಂಟಿಲ್ಲದ ಹದ ಬಂದ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಗಾಜಿನ ತುಂಡಿನ ಎರಡು ಅಂಚಿಗೆ ಸೆಲೋಟೇಪ್ ಹಚ್ಚಿ, ನಡುವೆ ಸುರಿದು, ಗಾಜಿನ ಕಡ್ಡಿಯಿಂದ ಒಂದೇ ಸಲ ಎಳೆಯಿರಿ. ಒಣಗಿದ ಮೇಲೆ ಟೇಪ್ ಕಿತ್ತು, ಕಾಲೇಜಿನ ಮಫಲ್ ಫರ್ನೇಸಿನಲ್ಲಿ (ಲ್ಯಾಬಿನ ಮುಚ್ಚಿದ ವಿದ್ಯುತ್ ಕುಲುಮೆ) 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಇಡಿಸಿ. ಫರ್ನೇಸ್ ತಾನಾಗೇ ತಣ್ಣಗಾಗಲಿ. ಅವಸರಪಟ್ಟು ತೆಗೆದರೆ ಗಾಜು ಸೀಳುತ್ತದೆ. ಬೆರಳಿಂದ ಉಜ್ಜಿದಾಗ ಬಿಳಿ ಹತ್ತಬಾರದು, ಹತ್ತಿದರೆ ಪದರ ದಪ್ಪವಾಗಿದೆ ಅಂತ ಅರ್ಥ.

ಇನ್ನು ಬಕೆಟ್. ಲೇಪದ ಗಾಜನ್ನು ಬಿಸಿಲಲ್ಲಿ, ಬರೀ ಗಾಜನ್ನು ನೆರಳಲ್ಲಿ ಇಟ್ಟು ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಪಾಚಿಗೂ ಬೆಳಕು ಬೇಕು, ಅಲ್ವಾ? ಅದಕ್ಕೆ ಒಂದೇ ಅಳತೆಯ ಎರಡು ಬಕೆಟ್ ತಗೊಂಡು ಎರಡನ್ನೂ ಮಾಳಿಗೆಯ ಬಿಸಿಲಿನಲ್ಲಿ ಇಡಿ. ಎರಡರಲ್ಲೂ ಒಂದು ಬರೀ ಗಾಜು, ಒಂದು ಲೇಪದ ಗಾಜು, ಮೇಲಿಂದ ನಾಲ್ಕು ಬೆರಳು ಆಳದಲ್ಲಿ. ಒಂದರ ಬಾಯಿಗೆ ಯುವಿ ತಡೆಯುವ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆ ಮುಚ್ಚಿ. ಒಳಗೆ ಪಾಚಿ ಬೆಳೆಯುವಷ್ಟು ಬೆಳಕು ಹೋಗುತ್ತದೆ, ಲೇಪಕ್ಕೆ ಬೇಕಾದ ಯುವಿ ಮಾತ್ರ ಹೋಗುವುದಿಲ್ಲ. ತೆರೆದ ಬಕೆಟ್ಟಿನಲ್ಲಿ ಮಾತ್ರ ಲೇಪದ ಗಾಜು ಚೊಕ್ಕವಾಗಿದ್ದರೆ ಕೆಲಸ ಯುವಿಯದೇ. ಎರಡರಲ್ಲೂ ಚೊಕ್ಕವಾಗಿದ್ದರೆ ಕಾರಣ ಬೇರೆ ಏನೋ ಇದೆ.

ಹುಬ್ಬಳ್ಳಿ-ಧಾರವಾಡದ ನಳಕ್ಕೆ ಬರುವ ಮಲಪ್ರಭೆ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಒಂದು ದಿನ ತೆರೆದಿಟ್ಟು, ಆಮೇಲೆ ಉಣಕಲ್ ಅಥವಾ ಕೆಲಗೇರಿ ಕೆರೆಯ ನೀರು ಒಂದು ಚೊಂಬು ಬೆರೆಸಿ. ಪಾಚಿಯ ಬೀಜ ಅಲ್ಲಿಂದಲೇ ಬರಬೇಕು. ಬಕೆಟ್ ಹಾಗೇ ಬಿಟ್ಟರೆ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಎರಡಕ್ಕೂ ಪರದೆ ಕಟ್ಟಿ, ವಾರಕ್ಕೊಮ್ಮೆ ನೀರು ಬದಲಿಸಿ. ಅದೇ ದಿನ ಗಾಜುಗಳನ್ನು ಬಿಳಿ ಹಾಳೆ ಮೇಲಿಟ್ಟು ಫೋಟೊ ತೆಗೆಯಿರಿ. ಮಳೆಗಾಲದಲ್ಲಿ ಶುರು ಮಾಡಬೇಡಿ. ಬಿಸಿಲಿನಲ್ಲಿ ಯುವಿ ಇರುವುದೇ ನೂರಕ್ಕೆ ಐದರಷ್ಟು, ಮೋಡ ಕವಿದರೆ ಅದೂ ತಗ್ಗುತ್ತದೆ.

ಲೇಪದ ಗಾಜಿಗೆ ಪಾಚಿ ಬರುವುದೇ ಇಲ್ಲ ಅಂದುಕೊಳ್ಳಬೇಡಿ. ತಡವಾಗಿ ಬರುತ್ತದೆ, ಸುಲಭವಾಗಿ ಒರೆಸಿ ಹೋಗುತ್ತದೆ, ಅಷ್ಟೇ. ಒಮ್ಮೆ ದಪ್ಪ ಪದರ ಕೂತರೆ ಒಳಗೆ ಬೆಳಕೇ ಹೋಗುವುದಿಲ್ಲ, ಲೇಪ ಸುಮ್ನೆ ಕೂರುತ್ತದೆ.

ಮಾಳಿಗೆಯ ಕರಿ ಟ್ಯಾಂಕಿಗೆ ಇದು ದಂಡ, ಒಳಗೆ ಕತ್ತಲೆ. ಕೃಷಿ ಹೊಂಡದ ತಾಡಪತ್ರಿಗಂತೂ ಬೇಡವೇ ಬೇಡ. ಲೋಳೆ ತಿನ್ನುವ ರ‍್ಯಾಡಿಕಲ್ ಪ್ಲಾಸ್ಟಿಕ್ಕನ್ನೂ ಬಿಡುವುದಿಲ್ಲ. ಯಾರಾದರೂ ಡಬ್ಬಿಯಲ್ಲಿ ಇಂಥ ಪೇಂಟ್ ಮಾರಲು ಬಂದರೆ ಪುಡಿ ಹಿಡಿದಿಡುವ ಅಂಟು ಯಾವುದು ಅಂತ ಕೇಳಿ. ಗಾಜಿನ ಜಾತಿಯ ಸಿಲಿಕಾ ಎಂದು ಹೇಳಿದರೆ ಮಾತು ಮುಂದುವರಿಸಿ. ಪ್ಲಾಸ್ಟಿಕ್ ಜಾತಿಯ ಮಾಮೂಲಿ ಅಕ್ರಿಲಿಕ್ ಎಂದು ಹೇಳಿದರೆ ಆ ಲೇಪ ತನ್ನ ಅಂಟನ್ನು ತಾನೇ ತಿಂದು ಪುಡಿಪುಡಿಯಾಗಿ ಉದುರುತ್ತದೆ.